ಪೊವಿಸ್ ಕೋಟೆಯ ಗುಡಾರ

ಅರಮನೆಗಳ ದರ್ಶನ ಕಣ್ಣಿಗೆ ಹಬ್ಬ. ಅಲ್ಲಿಯ ವಸ್ತುಗಳ ಪೂರ್ವವೃತ್ತಾಂತವನ್ನು ಅರಿತು ನೋಡಿದಾಗ ಅದು ಬುದ್ಧಿಗೂ ಆಹಾರವಾಗುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿದ ಮಕ್ಕಳ ಬಳಿಗೆ ಹೋಗಿಬರುವ ಹಿರಿಯರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅಂಥವರು ಲಂಡನ್ನನ್ನಷ್ಟೇ ಕಂಡು ಮರಳದೆ, ವೇಲ್ಸ್ ಸೀಮೆಯ ಪೊವಿಸ್ ಕೋಟೆಯನ್ನೂ ನೋಡಲೆಂಬುದು ನಮ್ಮ ಅಪೇಕ್ಷೆ.

ವೆಲ್ಷ್‌ಪೂಲ್ ಎಂಬ ಊರಿನ ಸಮೀಪದ ಬಂಡೆಯ ಮೇಲೆ ಕೆಂಪು ಕಲ್ಲಿನ ಈ ಕೋಟೆ 13ನೆಯ ಶತಮಾನದಲ್ಲಿ ತಲೆಯೆತ್ತಿತು. 1587ರಲ್ಲಿ ಹರ್ಬರ್ಟ್ ಮನೆತನದವರು ಕೊಂಡುಕೊಂಡ ಮೇಲೆ ವೈಭವದ ನಿವಾಸವಾಯಿತು. 1952ರಲ್ಲಿ ಇದು ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶಕ್ಕೆ ಬಂದಿತು. ಇಳಿಜಾರನ್ನು ಕಡಿದು ಹಂತಹಂತವಾಗಿ ಕಟ್ಟಿದ ಜಗಲಿಗಳು, ಅವುಗಳ ಅಂಚಿನಲ್ಲಿ ಸೀಸದ ಪ್ರತಿಮೆಗಳು, ಕತ್ತರಿಸಿ ಕತ್ತರಿಸಿ ಮೇಘದ ರಾಶಿಯಂತಾಗಿರುವ ಯೂ ಮರಗಳು ಇವೆಲ್ಲ ನೋಡತಕ್ಕವೇ.

ಆದರೆ ಕನ್ನಡಿಗನ ಹೆಜ್ಜೆ ತಡೆಯುವುದು ಒಳಗಿನ ಕ್ಲೈವ್ ಸಂಗ್ರಹಾಲಯದಲ್ಲಿ. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ 1784ರಲ್ಲಿ ಈ ಮನೆತನದ ಹೆನ್ರಿಯೆಟಾಳನ್ನು ವರಿಸಿದನು. 1798ರಿಂದ 1803ರವರೆಗೆ ಮದರಾಸಿನ ಗವರ್ನರನಾಗಿದ್ದನು. ಆ ಅವಧಿಯಲ್ಲಿಯೇ, 1799ರ ಮೇ 4ರಂದು, ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನನು ಮಡಿದನು. ಅವನ ಸಿಂಹಾಸನವನ್ನು ಒಡೆದು ಗೆದ್ದವರು ಹಂಚಿಕೊಂಡರು. ಅದನ್ನು ಅಲಂಕರಿಸಿದ್ದ ರತ್ನಖಚಿತವಾದ ಚಿನ್ನದ ಹುಲಿತಲೆಗಳಲ್ಲೊಂದು ಈಗ ಇಲ್ಲಿದೆ. ಸುಲ್ತಾನನ ಗುಡಾರವೂ ಇಲ್ಲಿಯೇ ಇದೆ.

ಅದು ಹತ್ತಿಯ ಬಟ್ಟೆಯ ಗುಡಾರ. ಬಿಳಿಯ ನೆಲದ ಮೇಲೆ ಕಮಾನುಗಳು, ಪ್ರತಿ ಕಮಾನಿನೊಳಗೆ ಹೂವು ತುಂಬಿದ ಕಲಶ. ಅಚ್ಚೊತ್ತಿ, ಕೈಯಿಂದ ಬಣ್ಣ ತುಂಬಿದ ಕೆಲಸ. ದಂಡಿನ ನಡುವೆ ನಿಂತಿದ್ದ ಆ ವಸ್ತ್ರ ಮುಂದೆ ಪೊವಿಸ್‌ನ ಉದ್ಯಾನದಲ್ಲಿ ಔತಣದ ಅತಿಥಿಗಳಿಗೆ ನೆರಳಾಯಿತು! ಒಂದು ರಾಜ್ಯದ ಅಳಿವು ಇನ್ನೊಂದು ಮನೆಯ ಅಲಂಕಾರವಾಗುವ ಬಗೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ವಸ್ತು ಅಪರೂಪ.

ಕಂಡು ಕೋಪಗೊಳ್ಳುವುದು ಸಹಜ, ಸೌಂದರ್ಯಕ್ಕೆ ಮರುಳಾಗುವುದೂ ಸಹಜ. ಎರಡರಲ್ಲಿ ಒಂದನ್ನೇ ಹಿಡಿದು ನಿಂತರೆ ನೋಟ ಅರ್ಧವಾಗುತ್ತದೆ. ಗೆದ್ದವನ ಹೆಸರೂ ಸೋತವನ ಹೆಸರೂ ಚರಿತ್ರೆಯಲ್ಲಿ ನಿಂತಿವೆ. ನೂಲು ತೆಗೆದ, ನೇಯ್ದ, ಬಣ್ಣ ಕಟ್ಟಿದ ಕೈಗಳ ಹೆಸರು ನಿಂತಿಲ್ಲ. ಆದರೂ ಎರಡು ಶತಮಾನಗಳಾಚೆ ನಮ್ಮ ಮುಂದೆ ಬಾಳಿ ನಿಂತಿರುವುದು ಆ ಕೈಗಳ ಕೆಲಸವೇ. ಆದ್ದರಿಂದ ಮೊಮ್ಮಕ್ಕಳನ್ನು ಕರೆದೊಯ್ದವರು ‘ಇದು ಯಾರದು?’ ಎಂದು ಹೇಳಿಕೊಟ್ಟು ಮುಗಿಸಬಾರದು. ‘ಇದನ್ನು ಮಾಡಿದವರಾರು, ಇದು ಇಲ್ಲಿಗೆ ಬಂದುದು ಹೇಗೆ?’ ಎಂದು ಕೇಳಲು ಕಲಿಸಬೇಕು.