ಕಾಯಿಲೆಗೆ ಹೆಸರಿಲ್ಲ, ಪರೀಕ್ಷೆಗೆ ದಿನ ಗೊತ್ತಾಗಿದೆ

ಗೋಕರ್ಣದ ಓಂ ಬೀಚಿನಲ್ಲಿ ಪ್ರವಾಸಿಗರ ಸೀಸನ್ ಅಕ್ಟೋಬರ್ ಹೊತ್ತಿಗೆ ಶುರುವಾದರೆ ಮಾರ್ಚ್ ತನಕ ನಡೆಯುತ್ತದೆ. ಅದನ್ನೇ ನೆಚ್ಚಿಕೊಂಡ ಮನೆಗಳಲ್ಲಿ ವರ್ಷದ ದುಡಿಮೆಯೆಲ್ಲ ಈ ತಿಂಗಳುಗಳದ್ದೇ. ಹತ್ತನೇ ತರಗತಿಯ ಮಕ್ಕಳಿಗೂ ಇದೇ ಬಿಗಿಯ ಕಾಲ: ಅರ್ಧವಾರ್ಷಿಕ, ಪೂರ್ವಸಿದ್ಧತಾ ಪರೀಕ್ಷೆ, ಅದರ ಬೆನ್ನಿಗೇ ಎಸ್ಸೆಸ್ಸೆಲ್ಸಿ. ಇಂಥ ಹೊತ್ತಿನಲ್ಲಿ ಒಬ್ಬ ಹುಡುಗಿಗೆ ಬರೆಯುತ್ತ ಬರೆಯುತ್ತ ಕೈ ಸೆಟೆದುಕೊಳ್ಳತೊಡಗಿತು ಎಂದುಕೊಳ್ಳಿ. ಪರೀಕ್ಷೆಯ ಹೆದರಿಕೆ ಎಂದು ಮೊದಲು ಹೇಳುತ್ತಾರೆ. ಆಮೇಲೆ ರಕ್ತ ಕಡಿಮೆ ಇರಬೇಕೆಂದು ಟಾನಿಕ್ ಬರುತ್ತದೆ. ದೃಷ್ಟಿ ತೆಗೆಯುವುದೂ ಆಗುತ್ತದೆ. ಕೊನೆಗೆ ಕುಮಟಾದ ವೈದ್ಯರು ನರರೋಗ ತಜ್ಞರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೊರಡಬೇಕು. ಅಲ್ಲಿ ಸ್ಕ್ಯಾನು, ರಕ್ತಪರೀಕ್ಷೆ, ಎರಡು ತಿಂಗಳು ಬಿಟ್ಟು ಬನ್ನಿ ಎಂಬ ಮಾತು. ಅಷ್ಟರಲ್ಲಿ ಜನವರಿ ಬಂದಿರುತ್ತದೆ.

ಏನೆಂದೇ ಗೊತ್ತಾಗದ ಕಾಯಿಲೆಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವನ್ನೋ ಬರೆದುಕೊಡುವ ಸಹಾಯಕರನ್ನೋ ಕೇಳಬಹುದೇ? ಕೇಳಬಹುದು. ಆದರೆ ಏನನ್ನು ಆಧಾರವಾಗಿಟ್ಟು ಕೇಳಬೇಕು ಎಂಬುದು ತಿಳಿದಿರಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೇಹದ ಅಥವಾ ಮನಸ್ಸಿನ ದೀರ್ಘಕಾಲದ ಕೊರತೆಯಿಂದ ಒಬ್ಬ ವ್ಯಕ್ತಿ ಉಳಿದವರಿಗೆ ಸಮನಾಗಿ ಭಾಗವಹಿಸಲು ಅಡ್ಡಿಯಾಗುತ್ತಿದೆಯೇ ಎಂದು ಅದು ನೋಡುತ್ತದೆ. ಆಯಾ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು ಶಾಲೆಯ ಹೊಣೆ ಎಂದು 16ನೇ ಕಲಂ ಹೇಳುತ್ತದೆ. ಪರೀಕ್ಷಾ ಕ್ರಮದಲ್ಲೇ ಬದಲಾವಣೆ, ಹೆಚ್ಚಿನ ಸಮಯ, ಸಹಾಯಕ ಬರಹಗಾರ ಇವೆಲ್ಲ 17ನೇ ಕಲಮಿನಲ್ಲಿವೆ. ಬಹಳ ಜನ ಎಡವುವುದು ಶೇಕಡಾ 40ರ ಲೆಕ್ಕದಲ್ಲಿ. ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ 40ರ ಅಂಗವೈಕಲ್ಯ ಬೇಕು. ಪರೀಕ್ಷೆಯ ಅನುಕೂಲಕ್ಕೂ ಅದೇ ಬೇಕೆಂದು ಕಚೇರಿಗಳು ವರ್ಷಗಟ್ಟಲೆ ಹೇಳುತ್ತ ಬಂದವು.

ಆ ತಪ್ಪು ತಿಳಿವಳಿಕೆಯನ್ನು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ತೊಡೆದುಹಾಕಿತು. ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ ಇತ್ತು. ನಾಗರಿಕ ಸೇವಾ ಪರೀಕ್ಷೆಗೆ ಸಹಾಯಕ ಬರಹಗಾರರನ್ನು ಕೇಳಿದಾಗ ಯುಪಿಎಸ್‌ಸಿ ಕೊಡಲಿಲ್ಲ. ವೈದ್ಯರ ಲೆಕ್ಕದಲ್ಲಿ ಅವರ ಅಂಗವೈಕಲ್ಯ ಬರೀ ಶೇ 6. ಆದರೂ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ, ಸಹಾಯಕ ಬರಹಗಾರರನ್ನು ಪಡೆಯಲು ಶೇ 40ರ ಷರತ್ತು ಹಾಕುವಂತಿಲ್ಲ ಎಂದು ತೀರ್ಪು ಕೊಟ್ಟಿತು. ತೀರ್ಪಿನ ಬೆನ್ನಿಗೆ ಕೇಂದ್ರ ಸರ್ಕಾರ 2022ರ ಆಗಸ್ಟ್ 10ರಂದು ಶೇ 40ಕ್ಕಿಂತ ಕಡಿಮೆ ಇರುವವರಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಅದರಂತೆ ಪರೀಕ್ಷೆಯ ಪ್ರತಿ ಗಂಟೆಗೆ 20 ನಿಮಿಷ ಹೆಚ್ಚು ಸಿಗಬೇಕು. ಮೂರು ಗಂಟೆಯ ಪತ್ರಿಕೆಗೆ ಅದು ಇಡೀ ಒಂದು ಗಂಟೆ.

ಆ ಮಾರ್ಗಸೂಚಿಯ ಪ್ರಮಾಣಪತ್ರದ ನಮೂನೆಯನ್ನು ಪಾಲಕರು ಒಮ್ಮೆ ನೋಡಬೇಕು. ಅದು ಮುಖ್ಯವಾಗಿ ಕೇಳುವುದು, ಈ ವ್ಯಕ್ತಿಯ ಸ್ಥಿತಿಯಿಂದ ಬರೆಯುವ ಸಾಮರ್ಥ್ಯಕ್ಕೆ ಅಡ್ಡಿಯಾಗಿದೆಯೇ ಎಂದು. ಸರ್ಕಾರಿ ಆಸ್ಪತ್ರೆಯ ವೈದ್ಯರ ತಂಡ ಸಹಿ ಮಾಡಬೇಕು. 2022ರ ನಮೂನೆಯಂತೆ ಹೆಚ್ಚೆಂದರೆ ಆರು ತಿಂಗಳು ಮಾತ್ರ ಅದು ಊರ್ಜಿತವಾಗಿತ್ತು. ಮಗಳಿಗೆ ಅಂಗವಿಕಲೆ ಎಂಬ ಹಣೆಪಟ್ಟಿ ಬೀಳುತ್ತದೆ, ನಾಳೆ ಮದುವೆಗೆ ತೊಡಕು ಎಂದು ಹಿಂಜರಿಯುವ ಆಯಿ-ಅಪ್ಪಂದಿರಿಗೆ ಇದನ್ನು ಬಿಡಿಸಿ ಹೇಳಬೇಕು: ಇದು ಪರೀಕ್ಷೆಯ ಮಟ್ಟಿಗಿನ ಕಾಗದ, ಅವಧಿ ಮುಗಿದರೆ ಮುಗಿಯಿತು. ಅದೇ ಕಾರಣಕ್ಕೆ ಇಂಥ ಕಾಗದವನ್ನು ಜೂನಿನಲ್ಲೇ ಮಾಡಿಸಿಟ್ಟರೆ ಮಾರ್ಚಿಗೆ ಕೆಲಸಕ್ಕೆ ಬಾರದೆ ಹೋಗಬಹುದು. ಎಸ್ಸೆಸ್ಸೆಲ್ಸಿಗೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯದ್ದೇ ಸುತ್ತೋಲೆ ಇರುತ್ತದೆ, ಅರ್ಜಿ ಹೋಗುವುದು ಮುಖ್ಯೋಪಾಧ್ಯಾಯರ ಮೂಲಕ. ಆ ವರ್ಷದ ಸುತ್ತೋಲೆಯನ್ನೂ ಕೊನೆಯ ದಿನವನ್ನೂ ಅವರಲ್ಲೇ ಕೇಳಿ ತಿಳಿದುಕೊಳ್ಳುವುದು ಮೊದಲ ಕೆಲಸ.

ಜೂನಿನಲ್ಲೇ ಶುರುವಾಗಬೇಕಾದದ್ದು ಬೇರೆ ಇದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಅದೇ, ಶಾಲೆಯ ದಾಖಲೆ. ಹುಡುಗಿಗೆ ಹುಷಾರಿಲ್ಲ, ದಯವಿಟ್ಟು ಪರಿಗಣಿಸಿ ಎಂಬ ಪತ್ರದಿಂದ ಯಾವ ವೈದ್ಯರಿಗೂ ಏನೂ ತಿಳಿಯುವುದಿಲ್ಲ. ತರಗತಿಯ ಅಕ್ಕೋರು ಹೀಗೆ ಬರೆದಿಡಲಿ: ‘ನವೆಂಬರ್ 12, ಸಮಾಜ ವಿಜ್ಞಾನ ಕಿರುಪರೀಕ್ಷೆ. ಮೊದಲ ನಲವತ್ತು ನಿಮಿಷ ಸರಿಯಾಗಿ ಬರೆದಳು. ಆಮೇಲೆ ಪೆನ್ನು ಹಿಡಿಯಲಾಗದೆ ಮೂರು ಸಲ ಕೈ ಇಳಿಬಿಟ್ಟು ಕೂತಳು. ನಾಲ್ಕು ಅಂಕದ ಎರಡು ಪ್ರಶ್ನೆ ಬಿಟ್ಟಳು. ಅವನ್ನೇ ಬಾಯಲ್ಲಿ ಕೇಳಿದಾಗ ಪೂರ್ತಿ ಉತ್ತರ ಹೇಳಿದಳು.’ ಕೊನೆಯ ವಾಕ್ಯಕ್ಕೆ ಬಹಳ ತೂಕವಿದೆ. ಓದು ಬಂದಿದೆ, ಅದನ್ನು ಕಾಗದಕ್ಕಿಳಿಸಲು ಕೈ ಬಿಡುತ್ತಿಲ್ಲ ಎಂಬುದು ಅಲ್ಲಿ ಕಾಣುತ್ತದೆ. ಇಂಥ ನಾಲ್ಕಾರು ಟಿಪ್ಪಣಿ, ಜೊತೆಗೆ ಹೋಗ್ತಾ ಹೋಗ್ತಾ ಅಕ್ಷರ ಸೊಟ್ಟಗಾದ ಉತ್ತರಪತ್ರಿಕೆಯ ಜೆರಾಕ್ಸ್, ಇವೆರಡು ತಜ್ಞರ ಕೈಗೆ ಹೋದರೆ ಅವರು ಹತ್ತು ನಿಮಿಷದ ಓಪಿಡಿಯಲ್ಲಿ ಕಾಣಲಾರದ್ದನ್ನು ಕಾಣುತ್ತಾರೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಶಾಲೆಯೇ ಹೆಚ್ಚಿನ ಸಮಯ ಕೊಟ್ಟು ನೋಡಿ, ಎಷ್ಟು ವ್ಯತ್ಯಾಸವಾಯಿತೆಂದು ಬರೆದಿಡಬಹುದು.

ಬ್ರಿಟನ್ನಿನ ಪರೀಕ್ಷಾ ಮಂಡಳಿಗಳು ಇಂಥ ದಾಖಲೆಗೆ ಬೆಲೆ ಕೊಡುತ್ತವೆ. ಮಗು ದಿನದ ಪಾಠದಲ್ಲಿ, ಶಾಲೆಯ ಪರೀಕ್ಷೆಯಲ್ಲಿ ಯಾವ ಅನುಕೂಲ ಬಳಸುತ್ತ ಬಂದಿದೆ ಎಂಬುದಕ್ಕೆ ಶಿಕ್ಷಕರ ಸಾಕ್ಷ್ಯವನ್ನು ಅವು ಕೇಳುತ್ತವೆ. ನಮ್ಮಲ್ಲಿ ಶಿಕ್ಷಕರ ಮಾತಿಗೆ ಆ ಸ್ಥಾನ ಸಿಕ್ಕಿಲ್ಲ. ಸಿಗಬೇಕು.

ವೈದ್ಯರ ಬಳಿಯೂ ಬಾಯಿಬಿಟ್ಟು ಕೇಳಬೇಕು. ರೋಗ ಇಂಥದ್ದೆಂದು ಬರೆದುಕೊಡಿ ಎಂದರೆ, ಗೊತ್ತಾಗದೆ ಹೇಗೆ ಬರೆಯಲಿ ಎನ್ನುತ್ತಾರೆ, ಅದು ಸರಿಯೂ ಹೌದು. ‘ತಪಾಸಣೆ ಇನ್ನೂ ನಡೆಯುತ್ತಿದೆ. ಸದ್ಯಕ್ಕೆ ಇಷ್ಟು ಹೊತ್ತಿಗಿಂತ ಹೆಚ್ಚು ಒಂದೇ ಸಮನೆ ಬರೆಯಲಾಗುತ್ತಿಲ್ಲ, ಹೆಚ್ಚಿನ ಸಮಯ ಬೇಕು’ ಎಂದು ಬರೆಯಲು ಅವರಿಗೆ ಅಡ್ಡಿಯಿಲ್ಲ. ಓಪಿಡಿ ಚೀಟಿಯೊಂದನ್ನೂ ಎಸೆಯಬೇಡಿ.

ಬಾಗಿಲ ಹತ್ತಿರದ ಬೆಂಚು, ನೆಲಮಹಡಿಯ ಕೋಣೆ, ನೀರಿನ ಬಾಟಲಿ, ಕೇಳಿದಾಗ ಶೌಚಾಲಯಕ್ಕೆ ಬಿಡುವುದು, ಇವನ್ನೆಲ್ಲ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರ ಬಳಿ ಮೊದಲೇ ಮಾತಾಡಿಕೊಂಡರೆ ಬಗೆಹರಿಯುವ ಸಾಧ್ಯತೆ ಹೆಚ್ಚು. ದೊಡ್ಡ ಅನುಕೂಲಕ್ಕೆ ಅನುಮತಿ ಸಿಕ್ಕಿದ್ದರೆ ಆದೇಶದ ಪ್ರತಿಯನ್ನು ಪರೀಕ್ಷೆಯ ಮುನ್ನವೇ ಅವರಿಗೆ ಮುಟ್ಟಿಸಬೇಕು. ನೀಟ್ ಬರೆದ ಅವನಿ ಪ್ರಕಾಶ್‌ಗೆ ಹೆಚ್ಚಿನ ಒಂದು ಗಂಟೆ ಪಡೆಯುವ ಅರ್ಹತೆಯಿತ್ತು, ಕೇಂದ್ರದಲ್ಲಿ ಅದನ್ನು ಕೊಡಲಿಲ್ಲ. 2021ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತರೂ ಕಳೆದುಹೋದ ಆ ಗಂಟೆ ಹಾಗೇ ವಾಪಸಾಗಲಿಲ್ಲ.

ಕಾನೂನಿನ ‘ದೀರ್ಘಕಾಲ’ ಎಂಬ ಮಾತು ಕೆಲವರನ್ನು ಹೊರಗೆ ನಿಲ್ಲಿಸುತ್ತದೆ. ಹೊನ್ನಾವರದ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದು ಪರೀಕ್ಷೆಯ ತಿಂಗಳುಗಳಲ್ಲೇ. ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ನಿತ್ರಾಣ. ಅಂಥವರಿಗೆ ಎಸ್ಸೆಸ್ಸೆಲ್ಸಿಯನ್ನು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆಸುವ ಪದ್ಧತಿ ನಿಜಕ್ಕೂ ಉಪಕಾರಿ. ಮೊದಲನೆಯದು ತಪ್ಪಿದರೆ ಎರಡನೆಯದು ಬರೆಯಬಹುದು. ಆದರೆ ಕೈ ಸೆಟೆಯುವ ಹುಡುಗಿಗೂ ‘ಇನ್ನೂ ಅವಕಾಶ ಇದೆಯಲ್ಲ’ ಎಂದು ಹೇಳಿ ಕಳಿಸುವುದು ಅನ್ಯಾಯ. ಅವಳು ಎಷ್ಟು ಸಲ ಬರೆದರೂ ಅದೇ ಕೈಯಲ್ಲಿ ಬರೆಯಬೇಕು.

ಇನ್ನು ಜಿಲ್ಲೆಯ ಮಾತು. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರ ಜುಲೈನಲ್ಲಿ ಮತ್ತೆ ಜೋರಾಯಿತು. ಹೊನ್ನಾವರದಿಂದ ರೋಗಿಯನ್ನು ಕುಂದಾಪುರದತ್ತ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತ ಹೊತ್ತು ಅದು. ತಜ್ಞರು ದೂರವಿದ್ದಾಗ ರೋಗಕ್ಕೆ ಹೆಸರು ಸಿಗುವುದೂ ತಡವಾಗುತ್ತದೆ, ಆ ತಡಕ್ಕೆ ಮಗು ಅಂಕದಲ್ಲಿ ಬೆಲೆ ತೆರುವಂತಾಗಬಾರದು. ಭಟ್ಕಳದಿಂದ ವೈದ್ಯರ ತಂಡವಿರುವ ಕಾರವಾರಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್. ಒಂದು ಸಹಿಗಾಗಿ ಅಷ್ಟು ದೂರ ಓಡಾಡಿದರೆ ಕೂಲಿಯೂ ಹೋಯಿತು, ಓದುವ ದಿನವೂ ಹೋಯಿತು. ಆಸ್ಪತ್ರೆ ಕಟ್ಟಲು ವರ್ಷಗಳು ಬೇಕಾದರೆ ಬೇಕಾಗಲಿ. ಕಾರವಾರದ ವೈದ್ಯರ ತಂಡವನ್ನು ಡಿಸೆಂಬರಿನಲ್ಲಿ ಒಂದು ದಿನ ಕುಮಟಾ ತಾಲ್ಲೂಕು ಆಸ್ಪತ್ರೆಯಲ್ಲಿ ಕೂರಿಸಿ, ಗೋಕರ್ಣ, ಹೊನ್ನಾವರ, ಭಟ್ಕಳದ ಮಕ್ಕಳನ್ನು ಅಲ್ಲೇ ನೋಡಿ ಪ್ರಮಾಣಪತ್ರ ಕೊಡಿಸಲು ಹೊಸ ಕಟ್ಟಡ ಬೇಕಿಲ್ಲ. ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಮತ್ತು ಜಿಲ್ಲಾ ಆರೋಗ್ಯಾಧಿಕಾರಿ ಕೂತು ಒಂದು ದಿನಾಂಕ ಗೊತ್ತುಮಾಡಬೇಕು, ಅದು ಅರ್ಧವಾರ್ಷಿಕ ಪರೀಕ್ಷೆ ಮುಗಿಯುವ ಮುನ್ನವೇ ಎಲ್ಲ ಪ್ರೌಢಶಾಲೆಗಳ ಸೂಚನಾ ಫಲಕಕ್ಕೆ ಬರಬೇಕು.