ಸೀಗಡಿ ತೊಟ್ಟಿಗೆ ಪೆರಾಕ್ಸೈಡ್: ಲೇಬಲ್ಲಿನ ಮೇಲೆ ಶೇಕಡಾವಾರು ಕಡ್ಡಾಯವಾಗಲಿ

ಅಲಂಕಾರಿಕ ಮೀನುಗಳ ಜೊತೆಗೆ ಚೆರ್ರಿ ಸೀಗಡಿಯಂತಹ ಪುಟ್ಟ ಸಿಹಿನೀರಿನ ಸೀಗಡಿಗಳೂ ಇಂದು ಅಕ್ವೇರಿಯಂ ವ್ಯಾಪಾರದ ಸರಕಾಗಿವೆ. ತೊಟ್ಟಿಯ ಗಿಡ ಹಾಗೂ ಕಲ್ಲುಗಳಿಗೆ ಅಂಟುವ ಪಾಚಿಯ ನಿವಾರಣೆಗೆ ಬಳಕೆಯಾಗುವ ಅಗ್ಗದ ರಾಸಾಯನಿಕಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಒಂದು. ತಾಮ್ರಯುಕ್ತ ಪಾಚಿನಾಶಕಗಳು ಸೀಗಡಿಗಳಿಗೆ ಮಾರಕ. ಪೆರಾಕ್ಸೈಡ್ ಮಾತ್ರ ನೀರು ಮತ್ತು ಆಮ್ಲಜನಕವಾಗಿ ವಿಭಜನೆಗೊಳ್ಳುತ್ತದೆ. ಆದ್ದರಿಂದ ಅದರತ್ತ ಒಲವು ಸಹಜವೇ. ಆದರೆ ಶೇಷ ಉಳಿಯದೆಂಬ ಗುಣವನ್ನೇ ಹಾನಿಯಿಲ್ಲವೆಂಬ ಭರವಸೆಯಾಗಿ ಮಾರುವುದು ಉಚಿತವಲ್ಲ.

ತೊಡಕಿರುವುದು ಸಾಂದ್ರತೆಯಲ್ಲಿ. ಹವ್ಯಾಸಿಗಳು ಅನುಸರಿಸುವ ವಿದೇಶಿ ಸೂಚನೆಗಳು ಬಹುತೇಕ ಶೇ. 3ರ ದ್ರಾವಣವನ್ನು ಆಧರಿಸಿವೆ. ನಮ್ಮ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು 20 ವಾಲ್ಯೂಮಿನ, ಅಂದರೆ ಶೇ. 6ರ ದ್ರಾವಣ. ಕೈಗಾರಿಕಾ ಮಾರುಕಟ್ಟೆಯಲ್ಲಿ ಶೇ. 50ರದ್ದೂ ಸಿಗುತ್ತದೆ. 10 ಲೀಟರ್ ನೀರಿಗೆ 2 ಮಿ.ಲೀ. ಹಾಕಿದರೆ, ಶೇ. 3ರಲ್ಲಿ ಲೀಟರಿಗೆ ಸುಮಾರು 6 ಮಿಲಿಗ್ರಾಂ, ಶೇ. 6ರಲ್ಲಿ 12 ಮಿಲಿಗ್ರಾಂ, ಶೇ. 50ರಲ್ಲಿ ಸುಮಾರು 120 ಮಿಲಿಗ್ರಾಂ ಪೆರಾಕ್ಸೈಡ್ ಸೇರುತ್ತದೆ. ಅಳತೆ ಒಂದೇ, ಪರಿಣಾಮ ಬೇರೆ. ಸೂಕ್ಷ್ಮವಾದ ಕಿವಿರುಗಳುಳ್ಳ, ಪೊರೆ ಕಳಚುವ ಹಂತದಲ್ಲಿರುವ ಸೀಗಡಿಗಳು ಈ ವ್ಯತ್ಯಾಸವನ್ನು ತಾಳಲಾರವು.

ಆದುದರಿಂದ ಸಣ್ಣ ಸೀಸೆಗಳಲ್ಲಿ ತುಂಬಿ ಮಾರುವ ಉದ್ಯಮಿಗಳು ಶೇಕಡಾವಾರು ಸಾಂದ್ರತೆ, ಲೀಟರಿಗೆ ಹಾಕಬೇಕಾದ ಪ್ರಮಾಣ ಹಾಗೂ ತುಂಬಿದ ದಿನಾಂಕವನ್ನು ಸ್ಪಷ್ಟವಾಗಿ, ಕನ್ನಡದಲ್ಲಿಯೂ ಮುದ್ರಿಸಬೇಕು. ಕಲ್ಲು, ಮರಳುಗಳು ಆಕ್ರಮಿಸುವ ಜಾಗವನ್ನು ಕಳೆದು ನೀರನ್ನು ಲೆಕ್ಕಹಾಕಬೇಕು. ಕಡಿಮೆ ಪ್ರಮಾಣದಿಂದ ಆರಂಭಿಸಬೇಕು. ಗಾಳಿಯ ಪಂಪು ನಡೆಯುತ್ತಿರಬೇಕು. ಸತ್ತ ಪಾಚಿಯನ್ನು ತೆಗೆದು ಭಾಗಶಃ ನೀರು ಬದಲಿಸಬೇಕು. ಕೊಳೆಯುವ ಪಾಚಿಯು ಆಮ್ಲಜನಕವನ್ನು ಹೀರಿ ಅಮೋನಿಯಾ ಹೆಚ್ಚಿಸುತ್ತದೆ. ಅತಿಯಾದ ಪೆರಾಕ್ಸೈಡ್ ಫಿಲ್ಟರಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಈ ನಾಲ್ಕು ಸಾಲುಗಳಿಗೆ ಲೇಬಲ್ಲಿನಲ್ಲಿ ಸ್ಥಳವಿದ್ದೇ ಇದೆ.

ಮರುತುಂಬುವ ಕೆಲಸಕ್ಕೂ ಶಿಸ್ತು ಅಗತ್ಯ. ಶೇ. 50ರ ದ್ರಾವಣವು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಅಪಾಯಕಾರಿ. ಕೈಗವಸು, ಕನ್ನಡಕಗಳಿಲ್ಲದೆ ಕೆಲಸಗಾರರನ್ನು ಅದರ ಬಳಿ ಬಿಡಲಾಗದು. ಲೋಹದ ಸಂಪರ್ಕ, ಬಿಸಿಲು ಹಾಗೂ ಕಲ್ಮಷಗಳಿಂದ ಅದು ಬೇಗ ವಿಭಜನೆಗೊಂಡು ಅನಿಲ ಬಿಡುತ್ತದೆ. ಬಿಗಿಯಾಗಿ ಮುಚ್ಚಿದ ಸೀಸೆ ಒತ್ತಡದಿಂದ ಒಡೆಯಬಹುದು. ಶುದ್ಧೀಕರಿಸಿದ ನೀರು, ಬೆಳಕು ತೂರದ ಪ್ಲಾಸ್ಟಿಕ್ ಸೀಸೆ ಮತ್ತು ಅನಿಲ ಹೊರಹೋಗುವ ಮುಚ್ಚಳ ಬಳಸುವುದೇ ಕ್ಷೇಮ.

ಸಾಂದ್ರತೆಯನ್ನು ಪ್ರಕಟಿಸಿದರೆ ವ್ಯಾಪಾರದ ಗುಟ್ಟು ಬಯಲಾಗುವುದೆಂಬ ವಾದ ಕೇಳಿಬರಬಹುದು. 1818ರಲ್ಲಿಯೇ ಫ್ರಾನ್ಸಿನ ಥೆನಾರ್ ಕಂಡುಹಿಡಿದ ವಸ್ತುವಿನಲ್ಲಿ ಗುಟ್ಟೇನಿದೆ? ಅಲ್ಲದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸರಿಯಾದ ಬಳಕೆಯ ಸೂಚನೆ ಹಾಗೂ ಎಚ್ಚರಿಕೆ ನೀಡದ ಉತ್ಪಾದಕನನ್ನು ಹಾನಿಗೆ ಹೊಣೆಗಾರನನ್ನಾಗಿಸುತ್ತದೆ. ತನ್ನ ಗುರುತು ಹಚ್ಚಿ ಮಾರುವವನೂ ಉತ್ಪಾದಕನೇ.

ಒಂದು ತೊಟ್ಟಿ ಸೀಗಡಿ ರಾತ್ರೋರಾತ್ರಿ ಸತ್ತರೆ ಗಿರಾಕಿ ಆ ದ್ರಾವಣವನ್ನಷ್ಟೇ ಅಲ್ಲ, ಆ ಹವ್ಯಾಸವನ್ನೇ ಬಿಡುತ್ತಾನೆ. ಸೀಗಡಿ, ಗಿಡ, ಆಹಾರ, ಫಿಲ್ಟರ್ ಮಾರುವ ಎಲ್ಲರಿಗೂ ಅದು ನಷ್ಟ. ಲೇಬಲ್ಲಿನ ಒಂದು ಸಂಖ್ಯೆಯನ್ನು ಉಳಿಸಲು ಹೋಗಿ ಮಾರುಕಟ್ಟೆಯನ್ನೇ ಕಳೆದುಕೊಳ್ಳುವುದು ಜಾಣ ವ್ಯಾಪಾರವಲ್ಲ.