ಪರದೇಶದಲ್ಲಿ ದೊರೆತ ನೆಲೆ

ಸ್ವದೇಶದಲ್ಲಿ ಸಲ್ಲದವನೇ ಪರದೇಶಕ್ಕೆ ಹೋಗುವನೆಂದು ಮೂಗುಮುರಿಯುವುದು ಲೋಕರೂಢಿ. ಬ್ಯಾಸ್ಕೆಟ್‌ಬಾಲ್ ಗಾರ್ಡ್ ಸ್ಟೀಫನ್ ಮಾರ್ಬರಿಯ ವಿಷಯದಲ್ಲಿ ಈ ರೂಢಿಯನ್ನು ನಾನು ಒಪ್ಪಲಾರೆ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಬೆಳೆದ ಈತ 1996ರಿಂದ 2009ರವರೆಗೆ ಅಮೆರಿಕದ ಎನ್.ಬಿ.ಎ.ಯಲ್ಲಿ ಐದು ತಂಡಗಳನ್ನು ಸುತ್ತಿದ. ಎರಡು ಸಲ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ. ಆದರೆ ಚಾಂಪಿಯನ್ ಪಟ್ಟ ಒಮ್ಮೆಯೂ ದಕ್ಕಲಿಲ್ಲ. 2010ರಲ್ಲಿ ಚೀನಕ್ಕೆ ಹೊರಟಾಗ ಹಲವರು ಅದನ್ನು ಪತನವೆಂದೇ ಬಗೆದರು. ಅಂಥವನು ಬೀಜಿಂಗಿನ ಒಂದೇ ತಂಡದಲ್ಲಿ ಆರು ಋತು ನೆಲೆನಿಂತ. ಹಿಂದೆಂದೂ ಚೀನದ ಲೀಗನ್ನು ಗೆಲ್ಲದಿದ್ದ ಆ ತಂಡ 2012, 2014, 2015ರಲ್ಲಿ ಗೆದ್ದಿತು. ಊರವರು ಆತನ ಪ್ರತಿಮೆಯನ್ನೇ ನಿಲ್ಲಿಸಿದರು. (ಬದುಕಿರುವವರಿಗೆ ಪ್ರತಿಮೆ ನನಗೆ ಹಿಡಿಸದು, ಆ ಮಾತು ಬೇರೆ.) ಆತನಿಗೆ ಕೊರತೆಯಾಗಿದ್ದುದು ಕೌಶಲವಲ್ಲ, ನೆಲೆ. 2018ರಲ್ಲಿ ಆಟಕ್ಕೆ ವಿದಾಯ ಹೇಳಿದಾಗಲೂ ಆತ ತೊಟ್ಟಿದ್ದುದು ಬೀಜಿಂಗಿನದೇ ಇನ್ನೊಂದು ತಂಡದ ಅಂಗಿಯನ್ನು.